ಮಕ್ಕಳು, ಕರಾಟೆ, ಮನೆ: ಬೆಂಗಳೂರಿನ ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಬೆಂಗಳೂರಿನಲ್ಲಿ ಮಕ್ಕಳಿಗೆ ಕರಾಟೆ ಹೇಳಿಕೊಡುತ್ತೇನೆ. ಕ್ಲಾಸ್ ಮುಗಿದ ಮೇಲೆ ಗೇಟ್ ಹತ್ತಿರ, ವಾಟ್ಸಾಪ್‌ನಲ್ಲಿ, ಕೆಲವೊಮ್ಮೆ ತರಕಾರಿ ಅಂಗಡಿಯಲ್ಲೂ ಪೋಷಕರು ಕೇಳುವುದು ಹೆಚ್ಚುಕಡಿಮೆ ಇವನ್ನೇ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಹೊಸಬರದ್ದು ಮೊದಲು, ಒಂದೆರಡು ಬೆಲ್ಟ್ ದಾಟಿದವರದ್ದು ಆಮೇಲೆ. ನಿಮಗೆ ಬೇಕಾದ್ದನ್ನಷ್ಟೇ ಓದಿಕೊಂಡರೂ ಆಯಿತು.

## ಸೇರಿಸುವ ಮೊದಲು

ನಮ್ಮ ಪಾಪುಗೆ ನಾಲ್ಕು ವರ್ಷ. ಈಗಲೇ ಸೇರಿಸಬಹುದಾ, ಕಾಯಬೇಕಾ?

ಸೇರಿಸಬಹುದು. ಆದರೆ ಆ ವಯಸ್ಸಿನಲ್ಲಿ ನಡೆಯುವುದು ಕರಾಟೆ ಅಲ್ಲ, ಆಟ. ಓಡುವುದು, ಹಾರುವುದು, ಒಂಟಿ ಕಾಲಲ್ಲಿ ನಿಲ್ಲುವುದು, ತನ್ನ ಸರದಿ ಬರುವ ತನಕ ಕಾಯುವುದು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂದು ಅಜ್ಜಿ ತಾತಂದಿರು ಒತ್ತಾಯ ಮಾಡುತ್ತಾರೆ. ಗಾದೆ ಸರಿ, ಆದರೆ ಸಸಿಯನ್ನು ಬಗ್ಗಿಸಲು ಹೋದರೆ ಮುರಿಯುತ್ತದೆ ಅಲ್ವಾ? ಆರು ಅಥವಾ ಏಳು ವರ್ಷಕ್ಕೆ ಶುರು ಮಾಡಿದ ಮಗು, ನಾಲ್ಕಕ್ಕೆ ಸೇರಿದ ಮಗುವನ್ನು ಬೇಗ ಹಿಡಿದುಬಿಡುತ್ತದೆ. ಹತ್ತಕ್ಕೆ, ಹನ್ನೆರಡಕ್ಕೆ ಬಂದರೂ ತಡವೇನಲ್ಲ.

ಕರಾಟೆ, ಟೇಕ್ವಾಂಡೋ, ಜೂಡೋ, ಕಳರಿ... ಯಾವುದಕ್ಕೆ ಹಾಕಿದ್ರೆ ಒಳ್ಳೇದು?

ಚುಟುಕಾಗಿ ಹೇಳುತ್ತೇನೆ. ಕರಾಟೆ ಓಕಿನಾವಾ ದ್ವೀಪದ್ದು. ಗಿಚಿನ್ ಫುನಾಕೋಶಿ ಅದನ್ನು 1922ರಲ್ಲಿ ಟೋಕಿಯೋದಲ್ಲಿ ಪ್ರದರ್ಶಿಸಿದ ಮೇಲೆ ಜಪಾನಿನ ಉಳಿದ ಭಾಗಕ್ಕೆ ಹರಡಿತು. ಇದರಲ್ಲಿ ಕೈ ಕಾಲು ಎರಡಕ್ಕೂ ಕೆಲಸ, ಒಂದೇ ಚಲನೆಯನ್ನು ನೂರು ಸಲ ಮಾಡುವ ಅಭ್ಯಾಸ ಜಾಸ್ತಿ. ಕೊರಿಯಾದ ಟೇಕ್ವಾಂಡೋದಲ್ಲಿ ಕಾಲಿನದೇ ರಾಜ್ಯಭಾರ. 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಅದು ಪದಕದ ಆಟ. ಜೂಡೋ 1882ರಲ್ಲಿ ಜಿಗೋರೋ ಕಾನೋ ಕಟ್ಟಿದ್ದು. ಅಲ್ಲಿ ಮೊದಲು ಕಲಿಸುವುದೇ ಪೆಟ್ಟಾಗದ ಹಾಗೆ ಬೀಳುವುದನ್ನು. ಕೇರಳದ ಕಳರಿಪಯಟ್ಟು ಮೈಯನ್ನು ಬಿಲ್ಲಿನ ಹಾಗೆ ಬಳುಕಿಸುತ್ತದೆ. ಬೆಂಗಳೂರಿನಲ್ಲೂ ಕಲಿಸುವವರು ಇದ್ದಾರೆ.

ನಮ್ಮೂರಿನ ಗರಡಿ ಮನೆಗಳನ್ನು ಯಾರೂ ಕೇಳುವುದೇ ಇಲ್ಲ. ಪೇಟೆ ಕಡೆಯ ಹಳೇ ಗರಡಿಗಳಲ್ಲಿ ಇವತ್ತಿಗೂ ಸಾಮು ನಡೆಯುತ್ತದೆ. ಕರಗದ ಹೊತ್ತಿಗೆ ಕತ್ತಿ ಹಿಡಿದು ನಡೆಯುವ ವೀರಕುಮಾರರು ಗರಡಿಯ ಪರಂಪರೆಯಿಂದ ಬಂದವರೇ. ಮಣ್ಣಿಗೆ ಕೈ ಮುಗಿದು ಅಖಾಡಕ್ಕೆ ಇಳಿಯುವ ಶಿಸ್ತು ಯಾವ ಜಪಾನಿ ಶಿಸ್ತಿಗೂ ಕಡಿಮೆ ಇಲ್ಲ.

ಇಷ್ಟು ಹೇಳಿದ ಮೇಲೂ ನನ್ನ ಸಲಹೆ ಒಂದೇ: ನಡೆದು ಹೋಗುವಷ್ಟು ಹತ್ತಿರ ಯಾವ ಒಳ್ಳೆಯ ಗುರು ಸಿಗುತ್ತಾರೋ ಅದನ್ನೇ ಕಲಿಸಿ. ಸಿಲ್ಕ್ ಬೋರ್ಡ್ ದಾಟಿ ಹೋಗಬೇಕಾದ ಕ್ಲಾಸ್ ಎಷ್ಟೇ ಹೆಸರುವಾಸಿ ಆಗಿರಲಿ, ಎರಡು ತಿಂಗಳು ನಡೆದರೆ ಹೆಚ್ಚು.

ಒದೆಯೋದು ಗುದ್ದೋದು ಕಲಿತರೆ ಮಗು ಒರಟಾಗಲ್ವಾ ಮೇಡಂ?

ಆಗಬಹುದು. "ಇಲ್ಲವೇ ಇಲ್ಲ" ಎಂದು ಹೇಳುವ ಕ್ಲಾಸಿನವರನ್ನು ನಂಬಬೇಡಿ.

ಅಮೆರಿಕದಲ್ಲಿ ಮೈಕೆಲ್ ಟ್ರುಲ್ಸನ್ ಎಂಬುವವರ ಅಧ್ಯಯನ 1986ರಲ್ಲಿ ಪ್ರಕಟವಾಯಿತು. ಪುಂಡಾಟದಲ್ಲಿ ಸಿಕ್ಕಿಬಿದ್ದಿದ್ದ ಹದಿಹರೆಯದ ಹುಡುಗರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಸಾಂಪ್ರದಾಯಿಕ ಟೇಕ್ವಾಂಡೋ: ನಮಸ್ಕಾರ, ಧ್ಯಾನ, ನಡತೆಯ ಪಾಠ ಎಲ್ಲಾ ಸೇರಿ. ಇನ್ನೊಂದಕ್ಕೆ ಬರೀ ಹೊಡೆದಾಟದ ಪಟ್ಟುಗಳು. ಮೂರನೆಯದಕ್ಕೆ ಓಟ, ಬ್ಯಾಸ್ಕೆಟ್‌ಬಾಲ್ ತರಹದ ಆಟಗಳು. ಆರು ತಿಂಗಳ ಮೇಲೆ ನೋಡಿದರೆ ಮೊದಲ ಗುಂಪಿನ ಹುಡುಗರ ಆಕ್ರಮಣಶೀಲತೆ ಇಳಿದಿತ್ತು. ಎರಡನೇ ಗುಂಪಿನದು ಏರಿತ್ತು! ಒದೆತ ಅದೇ, ಹುಡುಗರೂ ಅಂಥವರೇ. ಚಿಕ್ಕ ಗುಂಪುಗಳ ಮೇಲೆ ಮಾಡಿದ ಅಧ್ಯಯನ, ಅದನ್ನೇ ಕೊನೆಯ ಮಾತು ಎನ್ನಲಾಗದು. ಆದರೆ ನಾರ್ವೆಯಲ್ಲಿ ಎಂಡ್ರೆಸೆನ್ ಮತ್ತು ಓಲ್ವೆಯಸ್ 2005ರಲ್ಲಿ ಪ್ರಕಟಿಸಿದ ಅಧ್ಯಯನವೂ ಪೋಷಕರನ್ನು ಎಚ್ಚರಿಸುವಂಥದ್ದೇ. ಬಾಕ್ಸಿಂಗ್, ಕುಸ್ತಿ, ಭಾರ ಎತ್ತುವುದು, ಕರಾಟೆಯಂಥ ಸಮರ ಕಲೆಗಳಿಗೆ ಸೇರಿದ ಹುಡುಗರಲ್ಲಿ ಜಗಳಗಂಟತನ ಹೆಚ್ಚಾಗಿದ್ದನ್ನು ಅವರು ಕಂಡರು.

ಹಾಗಾಗಿ ನಡತೆ ಬರುವುದು ಒದೆತದಿಂದ ಅಲ್ಲ, ಅದರ ಸುತ್ತ ಇರುವ ಕಟ್ಟುಪಾಡಿನಿಂದ. ಫುನಾಕೋಶಿ ಬರೆದಿಟ್ಟ ಇಪ್ಪತ್ತು ಸೂತ್ರಗಳಲ್ಲಿ ಒಂದು, ಕರಾಟೆಯಲ್ಲಿ ಮೊದಲ ಏಟು ನಮ್ಮದಾಗಬಾರದು ಅನ್ನುವುದು. ನಿಮ್ಮ ಮಗುವಿನ ಕ್ಲಾಸಿನಲ್ಲಿ ಆ ಮಾತು ಗೋಡೆಯ ಮೇಲಿನ ಬೋರ್ಡ್‌ನಲ್ಲಿ ಮಾತ್ರ ಇದೆಯಾ, ಇಲ್ಲ ಮ್ಯಾಟ್ ಮೇಲೂ ಇದೆಯಾ ಎಂದು ನೋಡಿ.

ಪೆಟ್ಟು ಬೀಳಲ್ವಾ? ಒಬ್ಬನೇ ಮಗ ನಮಗೆ.

ತರಚು ಗಾಯ, ಉಳುಕು ಸಾಮಾನ್ಯ. ಭಯ ಪಡಬೇಕಾದ್ದು ತಲೆಗೆ ಬೀಳುವ ಏಟಿಗೆ. ಅಮೆರಿಕದ ಮಕ್ಕಳ ವೈದ್ಯರ ಸಂಘ 2016ರಲ್ಲಿ ಮಕ್ಕಳ ಸಮರ ಕಲೆಗಳ ಬಗ್ಗೆ ವರದಿ ಕೊಟ್ಟಿತು. ಮೈ ಮುಟ್ಟದ ಅಭ್ಯಾಸವೇ ಸುರಕ್ಷಿತ, ತಲೆಗೆ ಹೊಡೆದರೆ ಅಂಕ ಕೊಡುವ ಪದ್ಧತಿ ಮಕ್ಕಳಿಗೆ ಬೇಡ ಎಂದಿತು. ಮೆತ್ತನೆಯ ಹೆಡ್‌ಗಾರ್ಡ್ ಮಿದುಳಿನ ಅಲುಗಾಟವನ್ನು ತಡೆಯುವುದಿಲ್ಲ ಎಂಬ ಮಾತೂ ಅದರಲ್ಲಿದೆ. ಹೆಡ್‌ಗಾರ್ಡ್ ಹಾಕಿದೆ ಎಂದು ಧೈರ್ಯವಾಗಿ ತಲೆಗೆ ಹೊಡೆಸುವ ಕಡೆ ಕಳಿಸಬೇಡಿ. ಏಟು ಬಿದ್ದ ಮೇಲೆ ವಾಂತಿ, ತಲೆ ಸುತ್ತು, ಮಂಪರು ಕಂಡರೆ ಐಸ್ ಇಟ್ಟುಕೊಂಡು ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ನಮ್ಮ ಏರಿಯಾದಲ್ಲೇ ಮೂರು ಕ್ಲಾಸ್ ಇದೆ. ಯಾವುದು ಚೆನ್ನಾಗಿದೆ ಅಂತ ಹೇಗೆ ಗೊತ್ತಾಗತ್ತೆ?

ಟ್ರೋಫಿ ನೋಡಬೇಡಿ. ಟ್ರೋಫಿ ಅಂಗಡಿಯಲ್ಲೂ ಸಿಗುತ್ತದೆ. ಒಂದು ಕ್ಲಾಸನ್ನು ಶುರುವಿನಿಂದ ಕೊನೆಯ ತನಕ ಕೂತು ನೋಡಿ. ಚೆನ್ನಾಗಿ ಒದೆಯುವ ಹುಡುಗನನ್ನು ಬಿಟ್ಟು, ಹಿಂದಿನ ಸಾಲಿನಲ್ಲಿ ತಡವರಿಸುತ್ತಿರುವ ಮಗುವನ್ನು ಗಮನಿಸಿ. ಮಾಸ್ಟರ್ ಅದರ ಹತ್ತಿರ ಹೋಗುತ್ತಾರಾ? ಹೋಗಿ ಏನು ಹೇಳುತ್ತಾರೆ? ಬೇರೆ ಮಕ್ಕಳು ನಕ್ಕಾಗ ಸುಮ್ನೆ ಇರುತ್ತಾರಾ? ಅಷ್ಟರಲ್ಲಿ ಎಲ್ಲಾ ತಿಳಿದುಹೋಗುತ್ತದೆ. ಪೋಷಕರು ಕೂತು ನೋಡುವಂತಿಲ್ಲ ಎನ್ನುವ ಕಡೆ ಬೇಡವೇ ಬೇಡ.

ದುಡ್ಡಿನ ವಿಷಯ ಮೊದಲೇ ಬಾಯಿಬಿಟ್ಟು ಕೇಳಿ. ತಿಂಗಳ ಫೀಸ್ ಕಡಿಮೆ ಕಾಣಬಹುದು. ಯೂನಿಫಾರ್ಮ್, ಗಾರ್ಡ್, ಬೆಲ್ಟ್ ಪರೀಕ್ಷೆ, ಕ್ಯಾಂಪ್, ಟೂರ್ನಮೆಂಟ್ ಎಂದು ಒಂದೊಂದೇ ಆಮೇಲೆ ಹೊರಗೆ ಬರುತ್ತವೆ.

## ಸೇರಿಸಿದ ಮೇಲೆ

ಕ್ಲಾಸಲ್ಲಿ ಬಾಲ ಮುದುರ್ಕೊಂಡು ಕೂರ್ತಾನೆ, ಮನೇಲಿ ಒಂದು ಮಾತೂ ಕೇಳಲ್ಲ. ಹಾಗಾದ್ರೆ ಏನು ಕಲಿತ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಉತ್ತರವೂ ಉದ್ದ.

ಕ್ಲಾಸಿನಲ್ಲಿ ಎಲ್ಲವೂ ಗೊತ್ತಿರುವಂಥದ್ದೇ. ಒಳಗೆ ಬಂದರೆ ಬಾಗಿ ನಮಸ್ಕಾರ. ನಿಲ್ಲುವ ಜಾಗ ಗೊತ್ತು. ಮಾಸ್ಟರ್ ಒಂದು ಮಾತು ಒಂದೇ ಸಲ ಹೇಳುತ್ತಾರೆ, ಚೌಕಾಸಿ ಇಲ್ಲ. ಪಕ್ಕದ ಇಪ್ಪತ್ತು ಮಕ್ಕಳು ಅದನ್ನೇ ಮಾಡುತ್ತಿರುತ್ತಾರೆ. ಮನೆಯಲ್ಲಿ? "ಬಾ ಊಟಕ್ಕೆ" ಎಂದು ಎಂಟು ಸಲ ಕರೆಯುತ್ತೀರಿ. ಏಳು ಸಲ ಬರದಿದ್ದರೂ ನಡೆಯುತ್ತದೆ ಎಂದು ಮಗು ಕಲಿತಿದೆ. ಅದು ದಡ್ಡ ಅಲ್ಲ.

ಕ್ಲಾಸಿನ ಶಿಸ್ತು ತಾನಾಗಿ ಸ್ಕೂಟರ್ ಹತ್ತಿ ಮನೆಗೆ ಬರುವುದಿಲ್ಲ, ನಾವು ಕರೆತರಬೇಕು. ಅದಕ್ಕೆ ಉಪದೇಶ ಬೇಕಾಗಿಲ್ಲ. ಯೂನಿಫಾರ್ಮ್‌ನಿಂದಲೇ ಶುರು ಮಾಡಿ. ಗೇಟ್ ಹೊರಗೆ ಬಂದ ಕೂಡಲೇ ಮಗನ ಬ್ಯಾಗು, ಬಾಟಲಿ, ಬಿಚ್ಚಿದ ಬೆಲ್ಟು ಎಲ್ಲಾ ಅಮ್ಮನ ಕೈಗೆ ಬರುತ್ತದೆ. ಬ್ಲ್ಯಾಕ್ ಬೆಲ್ಟ್‌ಗೆ ಹತ್ತಿರ ಬಂದ ಬ್ರೌನ್ ಬೆಲ್ಟ್ ಹುಡುಗರದ್ದೂ ಇದೇ ಕಥೆ. ತೆಗೆದುಕೊಳ್ಳಬೇಡಿ. ಅವನ ಬ್ಯಾಗು ಅವನೇ ಹೊರಲಿ. ಬೆವರಿದ ಬಟ್ಟೆಯನ್ನು ಅವನೇ ವಾಷಿಂಗ್ ಮಷೀನ್‌ಗೆ ಹಾಕಲಿ, ಒಣಗಿದ ಮೇಲೆ ಅವನೇ ಮಡಚಿ ಇಡಲಿ. ಮರೆತು ಒದ್ದೆ ಯೂನಿಫಾರ್ಮ್‌ನಲ್ಲಿ ಬಂದರೆ ಬರಲಿ, ಏನೂ ಆಗುವುದಿಲ್ಲ.

ತಡವಾದಾಗಲೂ ಅಷ್ಟೇ. ಟ್ರಾಫಿಕ್‌ನಲ್ಲಿ ಸಿಕ್ಕಿ ತಡವಾಗಿ ಬಂದರೆ ಅಪ್ಪ ಓಡಿ ಬಂದು "ಸಾರಿ ಮೇಡಂ, ಬನಶಂಕರಿ ಹತ್ರ ಜಾಮ್" ಅನ್ನುತ್ತಾರೆ. ಮಗು ಅವರ ಬೆನ್ನ ಹಿಂದೆ ನಿಂತಿರುತ್ತದೆ. ಆ ಮಾತು ಮಗುವೇ ಹೇಳಲಿ. ದೊಡ್ಡವರ ಮುಖ ನೋಡಿ "ಲೇಟಾಯ್ತು, ಒಳಗೆ ಬರಬಹುದಾ?" ಎಂದು ಕೇಳಲು ಏಳು ವರ್ಷದ ಮಗುವಿಗೆ ಎಷ್ಟು ಧೈರ್ಯ ಬೇಕು ಗೊತ್ತಾ? ಅದು ಬಂದರೆ ನಾಳೆ ಹೋಮ್‌ವರ್ಕ್ ಮಾಡಿಲ್ಲ ಎಂದು ಟೀಚರಿಗೆ ಸುಳ್ಳು ಹೇಳದೆ ಒಪ್ಪಿಕೊಳ್ಳುವುದೂ ಬರುತ್ತದೆ.

ಕೆಲವು ಕ್ಲಾಸ್‌ಗಳಲ್ಲಿ ಒಂದು ಹಾಳೆ ಕೊಡುತ್ತಾರೆ. ಹಾಸಿಗೆ ಮಡಚಿದೆ, ತಟ್ಟೆ ಸಿಂಕ್‌ಗೆ ಹಾಕಿದೆ, ಅಪ್ಪ ಅಮ್ಮನ ಸಹಿ. ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಭಾನುವಾರ ರಾತ್ರಿ ವಾರದ ಸಹಿ ಎಲ್ಲಾ ಒಟ್ಟಿಗೆ ಬೀಳುತ್ತದೆ, ಮಗುವಿನ ಎದುರಲ್ಲೇ! ಒಂದು ತಿಂಗಳಿಗೆ ಒಂದೇ ಕೆಲಸ ಹಿಡಿಯಿರಿ. ಅದು ಸಾಕು.

ಇನ್ನೊಂದು ವಿಷಯ ಕೈ ಮುಗಿದು ಕೇಳಿಕೊಳ್ಳುತ್ತೇನೆ. "ಇರು, ಮೇಡಂಗೆ ಹೇಳ್ತೀನಿ" ಎಂದು ಹೆದರಿಸಬೇಡಿ. ಮಗು ಅಳುತ್ತಿರುವಾಗ ನನಗೆ ವಾಯ್ಸ್ ಮೆಸೇಜ್ ಕಳಿಸಬೇಡಿ. ನಾನು ಗುಮ್ಮ ಆದರೆ, ನಾಳೆ ಶಾಲೆಯಲ್ಲಿ ಏನಾದರೂ ಆದಾಗ ಮಗು ನನ್ನ ಹತ್ತಿರ ಬಂದು ಹೇಳುವುದಿಲ್ಲ.

ಇವಳಿಗೆ ತುಂಬಾ ನಾಚಿಕೆ. ಯಾರ ಜೊತೇನೂ ಮಾತಾಡಲ್ಲ. ಸರಿ ಹೋಗ್ತಾಳಾ?

ಮಾತು ಕಡಿಮೆ ಇರುವುದು ಕಾಯಿಲೆ ಅಲ್ಲ. ಹಾಗಾಗಿ "ಸರಿ ಹೋಗುವುದು" ಏನೂ ಇಲ್ಲ. ಆದರೆ ಬೇಕಾದಾಗ ದನಿ ಹೊರಡಬೇಕು. ಕರಾಟೆಯಲ್ಲಿ ಏಟಿನ ಜೊತೆ ಹೊಟ್ಟೆಯಿಂದ ಒಂದು ಕೂಗು ಹಾಕುತ್ತೇವೆ, ಕಿಯಾಯ್ ಎಂದು. ಎಲ್ಲರೂ ಒಟ್ಟಿಗೆ ಕೂಗುವುದರಿಂದ ಯಾರ ದನಿ ಯಾರದ್ದು ಎಂದು ತಿಳಿಯುವುದಿಲ್ಲ. ನಾಚಿಕೆಯ ಮಕ್ಕಳಿಗೆ ಅದು ಒಳ್ಳೆಯ ಮರೆ. ಆಮೇಲೆ ಸರದಿಯ ಮೇಲೆ ಒಬ್ಬೊಬ್ಬರು "ಇಚಿ, ನಿ, ಸಾನ್" ಎಂದು ಜಪಾನಿ ಭಾಷೆಯಲ್ಲಿ ಒಂದು, ಎರಡು, ಮೂರು ಇಡೀ ಕ್ಲಾಸಿಗೆ ಎಣಿಸುತ್ತಾರೆ. ಅವಳು ಎಣಿಸಿದರೆ ಮಾತ್ರ ಉಳಿದವರು ಕೈ ಬೀಸಬೇಕು. ಕೆಲವು ತಿಂಗಳಾದ ಮೇಲೆ ಅಂಗಡಿಗೆ ಒಬ್ಬಳನ್ನೇ ಕಳಿಸಿ ನೋಡಿ. "ಅಂಕಲ್, ಎರಡು ನಂದಿನಿ ಪ್ಯಾಕೆಟ್" ಎಂದು ಕೇಳಿ ಚಿಲ್ಲರೆ ಎಣಿಸಿಕೊಂಡು ಬಂದರೆ ಅದೇ ದೊಡ್ಡ ಪರೀಕ್ಷೆ. ನೆಂಟರ ಮುಂದೆ ಮಾತ್ರ "ಒಂದು ಕಿಕ್ ಮಾಡಿ ತೋರಿಸು" ಅನ್ನಬೇಡಿ.

ಕೋಪ ಬಂದ್ರೆ ಕೈಗೆ ಸಿಕ್ಕಿದ್ದು ಎಸೀತಾನೆ. ಕರಾಟೆಯಿಂದ ಕಡಿಮೆ ಆಗತ್ತಾ?

ನಿಲ್ಲಿಸುವುದನ್ನು ನಾವು ಬೇರೆಯಾಗಿಯೇ ಅಭ್ಯಾಸ ಮಾಡಿಸುತ್ತೇವೆ. ಜೋರಾಗಿ ಆಡುತ್ತಿರುವಾಗ "ಯಾಮೆ!" ಎಂದರೆ ಕೈ ಅಲ್ಲೇ ನಿಲ್ಲಬೇಕು. ಎದುರಿನವನ ಎದೆಗೆ ಒಂದು ಬೆರಳು ದೂರದಲ್ಲಿ ಮುಷ್ಟಿ ನಿಲ್ಲಿಸುವುದು ಹೊಡೆಯುವುದಕ್ಕಿಂತ ಕಷ್ಟ. ಮೈ ಬಿಸಿಯಾಗಿರುವಾಗ ನಿಲ್ಲುವ ಅಭ್ಯಾಸ ಮೈಗೆ ಬಂದರೆ ಮನೆಯಲ್ಲೂ ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ಆದರೆ ಕೋಪ ನೆತ್ತಿಗೇರಿದಾಗ "ಉಸಿರು ಎಳ್ಕೊ, ಮೇಡಂ ಹೇಳಿಲ್ವಾ" ಅನ್ನಬೇಡಿ, ಇನ್ನೂ ಉರಿಯುತ್ತದೆ. ಶಾಂತವಾಗಿ ಇರುವಾಗ ಆಟದ ಹಾಗೆ ಅಭ್ಯಾಸ ಮಾಡಿಸಿ. ತನಗೇ ಪೆಟ್ಟು ಮಾಡಿಕೊಳ್ಳುವ, ನಿದ್ದೆ ಊಟ ಕೆಡುವ ಮಟ್ಟಕ್ಕೆ ಹೋಗಿದ್ದರೆ ಅದು ಕರಾಟೆಯ ಕೆಲಸ ಅಲ್ಲ. ನಮ್ಮ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಮನೋವೈದ್ಯ ವಿಭಾಗ ಇದೆ.

ಪರೀಕ್ಷೆ ಹತ್ರ ಬಂತು. ಫೆಬ್ರವರಿಯಿಂದ ಬಿಡಿಸಿಬಿಡೋಣ ಅಂತಿದ್ದೀವಿ.

ಬೇಡ. ವಾರಕ್ಕೆ ಒಂದು ದಿನಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಎಸ್‌ಎಸ್‌ಎಲ್‌ಸಿ ಮಕ್ಕಳೇನು ಅದಕ್ಕೆ ಹೊರತಲ್ಲ. ಇನ್ನೊಂದು ವಿಷಯ. ಲೇಕ್ಸ್ ಮತ್ತು ಹಾಯ್ಟ್ ಎಂಬುವವರು ಅಮೆರಿಕದ ಒಂದು ಶಾಲೆಯಲ್ಲಿ ಕೆಲವು ಮಕ್ಕಳಿಗೆ ಮೂರು ತಿಂಗಳು ಟೇಕ್ವಾಂಡೋ ಆಧರಿಸಿದ ತರಬೇತಿ ಕೊಡಿಸಿ, ಮಾಮೂಲಿ ಪಿ.ಟಿ. ಕ್ಲಾಸಿನ ಮಕ್ಕಳ ಜೊತೆ ಹೋಲಿಸಿದರು. 2004ರಲ್ಲಿ ಬಂದ ಆ ವರದಿ ಪ್ರಕಾರ ತರಬೇತಿ ಪಡೆದವರ ಗಮನ, ಕ್ಲಾಸಿನ ನಡತೆ ಎರಡೂ ಸುಧಾರಿಸಿದ್ದವು. ಬಾಯಿಲೆಕ್ಕದ ಪರೀಕ್ಷೆಯಲ್ಲೂ ಅವರೇ ಮುಂದಿದ್ದರು. ಹಾಗಂತ ಕರಾಟೆಯಿಂದ ರ‍್ಯಾಂಕ್ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಕ್ಕು ಬಿಡಿ.

ಮೂರೇ ತಿಂಗಳಿಗೆ "ನಾನು ಹೋಗಲ್ಲ" ಅಂತಾನೆ. ಬಲವಂತ ಮಾಡ್ಬೇಕಾ?

ಮೊದಲು ಕಾರಣ ತಿಳಿಯಿರಿ. ಯಾರಾದರೂ ನೋಯಿಸುತ್ತಿದ್ದಾರಾ ಎಂದು ಕೇಳಿ. ಹೌದಾದರೆ ಅವತ್ತೇ ನಿಲ್ಲಿಸಿ. ಬರೀ ಬೇಜಾರು, ಕೆಳಗೆ ಫ್ರೆಂಡ್ಸ್ ಕ್ರಿಕೆಟ್ ಆಡುತ್ತಿದ್ದಾರೆ ಎಂದಾದರೆ, ಮುಂದಿನ ಬೆಲ್ಟ್ ಪರೀಕ್ಷೆ ತನಕ ಹೋಗು, ಆಮೇಲೆ ನೀನೇ ಹೇಳು ಎಂದು ಒಪ್ಪಂದ ಮಾಡಿಕೊಳ್ಳಿ. ಆಮೇಲೂ ಬೇಡ ಎಂದರೆ ಬಿಡಿಸಿ. ಆದರೆ ಮಗುವೇ ಬಂದು "ಬಿಡ್ತಾ ಇದೀನಿ ಮೇಡಂ, ಥ್ಯಾಂಕ್ಸ್" ಎಂದು ಹೇಳಿ ಹೋಗಲಿ. ಫೀಸ್ ಕಟ್ಟದೆ ಮಾಯವಾಗುವುದು ದೊಡ್ಡವರು ಕಲಿಸುವ ಪಾಠ.

## ಒಂದೆರಡು ಬೆಲ್ಟ್ ದಾಟಿದವರಿಗೆ

ಪಕ್ಕದ ಮನೆ ಹುಡುಗನಿಗೆ ಎರಡೇ ವರ್ಷಕ್ಕೆ ಬ್ಲ್ಯಾಕ್ ಬೆಲ್ಟ್. ನಮ್ಮವಳು ಇನ್ನೂ ಗ್ರೀನ್. ಯಾಕೆ ಹಿಂದೆ?

ಹಿಂದೆ ಅಲ್ಲ. ಬೆಲ್ಟ್‌ಗೆ ಇಡೀ ಲೋಕಕ್ಕೆ ಒಂದೇ ಅಳತೆ ಇಲ್ಲ. ಬಣ್ಣಗಳ ಕ್ರಮವೂ ಶೈಲಿಯಿಂದ ಶೈಲಿಗೆ ಬೇರೆ. ವಾರಕ್ಕೆ ಎರಡು ಮೂರು ದಿನ ಬರುವ ಮಗುವಿಗೆ ಕರಾಟೆಯ ಬ್ಲ್ಯಾಕ್ ಬೆಲ್ಟ್ ನಾಲ್ಕೈದು ವರ್ಷಕ್ಕಿಂತ ಮೊದಲು ಬಂದರೆ ನಾನಂತೂ ಹುಬ್ಬೇರಿಸುತ್ತೇನೆ. ಟೇಕ್ವಾಂಡೋದಲ್ಲಿ ಕೊರಿಯಾದ ಕುಕ್ಕಿವಾನ್ ಸಂಸ್ಥೆ 15ರೊಳಗಿನ ಮಕ್ಕಳಿಗೆ ದೊಡ್ಡವರ ಬ್ಲ್ಯಾಕ್ ಬೆಲ್ಟ್ ದರ್ಜೆಯಾದ "ಡಾನ್" ಕೊಡುವುದಿಲ್ಲ, "ಪೂಮ್" ಎಂಬ ಬೇರೆ ದರ್ಜೆ ಕೊಡುತ್ತದೆ. ಒಳ್ಳೆಯ ಏರ್ಪಾಡು. ಪರೀಕ್ಷೆಯಲ್ಲಿ ಯಾರೂ ಫೇಲ್ ಆಗದ ಕ್ಲಾಸಿನಲ್ಲಿ ಬೆಲ್ಟ್ ಬರೀ ರಸೀದಿ. ನಿಮ್ಮ ಮಗಳು ಒಂದು ಸಲ ಫೇಲ್ ಆಗಿ, ಅದೇ ಕಾತಾವನ್ನು (ಒಬ್ಬರೇ ಕ್ರಮವಾಗಿ ಮಾಡುವ ಚಲನೆಗಳ ಸರಣಿ) ಮೂರು ತಿಂಗಳು ತಿದ್ದಿಕೊಂಡು ಬಂದಿದ್ದರೆ ಅವಳಿಗೆ ಸಿಕ್ಕಿದ್ದು ಜಾಸ್ತಿ.

ಟೂರ್ನಮೆಂಟ್‌ನಲ್ಲಿ ಸೋತು ಎರಡು ದಿನ ಅತ್ತಳು. ಇನ್ನು ಕಳಿಸಬೇಕಾ?

ಅಳಲಿ, ಅದರಲ್ಲಿ ತಪ್ಪೇನಿದೆ? ನಾನು ನೋಡುವುದು ಬೇರೆ. ಸೋತ ಕೂಡಲೇ ಎದುರಾಳಿಗೆ ನಮಸ್ಕಾರ ಮಾಡಿದಳಾ, ರೆಫರಿಗೆ ಬಾಗಿದಳಾ? ಮಾಡಿದ್ದರೆ ಮನೆಗೆ ಹೋಗಿ ಎಷ್ಟು ಬೇಕಾದರೂ ಅಳಲಿ. ಮಕ್ಕಳಿಗಿಂತ ಅಪ್ಪಂದಿರದ್ದೇ ಕಷ್ಟ. ಕಂಠೀರವ ಒಳಾಂಗಣ ಕ್ರೀಡಾಂಗಣವೇ ಇರಲಿ, ಶಾಲೆಯ ಹಾಲೇ ಇರಲಿ, ಗ್ಯಾಲರಿಯಿಂದ ರೆಫರಿಗೆ ಬೈಯುವ ಒಬ್ಬರು ಇದ್ದೇ ಇರುತ್ತಾರೆ. ಆರು ತಿಂಗಳು ನಾನು ಕಲಿಸಿದ್ದು ಆರು ನಿಮಿಷದಲ್ಲಿ ಹೋಗುತ್ತದೆ. ವಾಪಸ್ ಬರುವಾಗ ಕಾರಿನಲ್ಲಿ ಪಂದ್ಯದ ವಿಮರ್ಶೆ ಬೇಡ, ದೋಸೆ ಕೊಡಿಸಿ.

ಅಂದ ಹಾಗೆ, ಕರಾಟೆ ಒಲಿಂಪಿಕ್ಸ್‌ನಲ್ಲಿ ಇದ್ದದ್ದು 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ ಮಾತ್ರ. ಪ್ಯಾರಿಸ್‌ನಲ್ಲಿ ಇರಲಿಲ್ಲ, 2028ರ ಲಾಸ್ ಏಂಜಲೀಸ್ ಪಟ್ಟಿಯಲ್ಲೂ ಇಲ್ಲ. ಒಲಿಂಪಿಕ್ಸ್ ಆಸೆ ತೋರಿಸಿ ಸ್ಪೆಷಲ್ ಕೋಚಿಂಗ್ ಫೀಸ್ ಕೇಳಿದರೆ ಇದನ್ನು ನೆನಪಿಸಿ.

ಸ್ಕೂಲಲ್ಲಿ ಒಬ್ಬ ದಿನಾ ತಳ್ತಾನೆ. "ಕರಾಟೆ ಕಲ್ತಿದೀಯಲ್ಲ, ಕೊಡು ಒಂದು" ಅನ್ನಬಹುದಾ?

ಅನ್ನಬೇಡಿ. ಕೊಟ್ಟರೆ ಮಾರನೇ ದಿನ ಪ್ರಿನ್ಸಿಪಾಲ್ ರೂಮಿನಲ್ಲಿ ಕೂರುವುದು ನಿಮ್ಮ ಮಗ. "ಕರಾಟೆ ಹುಡುಗ ಹೊಡೆದ" ಎಂಬ ಮಾತು ಬೇಗ ಹರಡುತ್ತದೆ, ಯಾರು ಮೊದಲು ತಳ್ಳಿದ್ದು ಎಂದು ಯಾರೂ ಕೇಳುವುದಿಲ್ಲ.

ನಾವು ಕಲಿಸುವ ಕ್ರಮ ಹೀಗೆ. ಬೆನ್ನು ನೆಟ್ಟಗೆ, ಎರಡು ಹೆಜ್ಜೆ ಹಿಂದೆ, ಅಂಗೈ ಎದುರಿಗೆ, ಜೋರು ದನಿಯಲ್ಲಿ "ಮುಟ್ಟಬೇಡ." ಅಲ್ಲಿಂದ ಹೊರಟು ಟೀಚರಿಗೆ ಹೇಳುವುದು. ಹೇಳುವುದು ಚಾಡಿ ಅಲ್ಲ ಎಂದು ಮನೆಯಲ್ಲೂ ಹೇಳಬೇಕು. ಅವನನ್ನು ಹಿಡಿದಿದ್ದಾರೆ, ಓಡಲು ದಾರಿಯೇ ಇಲ್ಲ ಎಂದಾಗ ಬಿಡಿಸಿಕೊಳ್ಳಲು ಎಷ್ಟು ಬೇಕೋ ಅಷ್ಟೇ ಬಲ. ಆತ್ಮರಕ್ಷಣೆಯ ಬಗ್ಗೆ ನಮ್ಮ ಕಾನೂನು ಹೇಳುವುದೂ ಅದನ್ನೇ, ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ.

ಅಪರೂಪಕ್ಕೆ ಇದರ ಉಲ್ಟಾ ದೂರು ಬರುತ್ತದೆ, ನಮ್ಮ ವಿದ್ಯಾರ್ಥಿಯೇ ಯಾರನ್ನೋ ಕಾಡುತ್ತಿದ್ದಾನೆ ಎಂದು. ಆಗ ಅವನಿಗೆ ಸ್ಪಾರಿಂಗ್, ಅಂದರೆ ಜೊತೆಗಾರನ ಎದುರು ಆಡುವ ಅಭ್ಯಾಸದ ಕಾಳಗ, ಬಂದ್. ಚಿಕ್ಕ ಮಕ್ಕಳಿಗೆ ಬೆಲ್ಟ್ ಕಟ್ಟಲು ಕಲಿಸುವ ಕೆಲಸ ಅವನದ್ದು. ಮಂಡಿಯೂರಿ ಐದು ವರ್ಷದ ಮಗುವಿನ ಎತ್ತರಕ್ಕೆ ಇಳಿದು ಮಾಡಬೇಕು ಅದನ್ನು.

ಮಗಳು ದೊಡ್ಡವಳಾದಳು. ಇನ್ನು ಸಾಕು ಅಂತಾರೆ ಅಜ್ಜಿ.

ಅಜ್ಜಿಯನ್ನೇ ಒಂದು ದಿನ ಕ್ಲಾಸಿಗೆ ಕರೆತನ್ನಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಮುಟ್ಟಿನ ದಿನಗಳಲ್ಲಿ ಹೊಟ್ಟೆ ನೋವಿದ್ದರೆ ರಜೆ, ಇಲ್ಲದಿದ್ದರೆ ಬರಲು ಅಡ್ಡಿ ಇಲ್ಲ. ಬಿಳಿ ಪ್ಯಾಂಟಿನ ಚಿಂತೆ ನಿಜವಾದದ್ದು. ಆ ದಿನ ಕಪ್ಪು ಟ್ರ್ಯಾಕ್ ಪ್ಯಾಂಟ್ ಹಾಕಲು ಒಪ್ಪುತ್ತಾರಾ ಎಂದು ಕ್ಲಾಸಿನವರನ್ನು ಕೇಳಿ. ಸರ್ಕಾರಿ ಹಾಸ್ಟೆಲ್‌ಗಳ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆ ಕಲಿಸುವ ನಮ್ಮ ರಾಜ್ಯದ ಕಾರ್ಯಕ್ರಮಕ್ಕೆ ಓಬವ್ವನ ಹೆಸರೇ ಇದೆ. ಅಜ್ಜಿಗೆ ಅದನ್ನೂ ಹೇಳಿ. ಬೇಡ ಎನ್ನುವ ವಯಸ್ಸೇ ನಿಜವಾಗಿ ಬೇಕಾದ ವಯಸ್ಸು.

ಮಾಸ್ಟರ್ ಕೋಲಲ್ಲಿ ಒಂದೆರಡು ಏಟು ಹಾಕ್ತಾರೆ. ಶಿಸ್ತಿಗೆ ಅದು ಬೇಕಲ್ವಾ?

ಬೇಡ. ನಿಲುವು ತಿದ್ದಲು ಮಂಡಿಯನ್ನು ಮೆಲ್ಲಗೆ ಒತ್ತುವುದು ಬೇರೆ, ಹೊಡೆಯುವುದು ಬೇರೆ. ಏಟಿಗೆ ಹೆದರಿ ನೆಟ್ಟಗೆ ನಿಂತ ಮಗು, ದೊಡ್ಡವನಾದ ಮೇಲೆ ತನಗಿಂತ ಚಿಕ್ಕವರಿಗೆ ಅದನ್ನೇ ಮಾಡುತ್ತದೆ.

ಮುಟ್ಟುವ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಈ ಕಲೆಯಲ್ಲಿ ಮೈ ಮುಟ್ಟಿ ತಿದ್ದುವುದು ಇದ್ದೇ ಇರುತ್ತದೆ. ಆದ್ದರಿಂದಲೇ ಎಲ್ಲರೂ ನೋಡುವ ಜಾಗದಲ್ಲಿ ಪಾಠ ನಡೆಯಬೇಕು. ಒಬ್ಬಳಿಗೇ ಪ್ರತ್ಯೇಕ ಕ್ಲಾಸ್, ಪೋಷಕರಿಗೆ ಗೊತ್ತಿಲ್ಲದ ಚಾಟಿಂಗ್, "ಮನೇಲಿ ಹೇಳ್ಬೇಡ" ಎನ್ನುವ ಮಾತು ಕಂಡರೆ ಗುರುಭಕ್ತಿ ಪಕ್ಕಕ್ಕಿಡಿ. ಮಕ್ಕಳ ಸಹಾಯವಾಣಿ 1098. ಲೈಂಗಿಕ ಕಿರುಕುಳವಾದರೆ 2012ರ ಪೋಕ್ಸೋ ಕಾಯ್ದೆ ಇದೆ. ಮಾಸ್ಟರ್ ಎದುರು "ಬೇಡ" ಎನ್ನಲು ಬರದ ಮಗುವಿಗೆ ಆತ್ಮರಕ್ಷಣೆ ಬಂದಿದೆ ಎಂದು ನಾನು ಒಪ್ಪುವುದಿಲ್ಲ.

ಡಾಕ್ಟರ್ ಎಡಿಎಚ್‌ಡಿ ಅಂದಿದ್ದಾರೆ. ಸೇರಿಸ್ಕೊತೀರಾ?

ಸೇರಿಸಿಕೊಳ್ಳುತ್ತೇನೆ. ಮುಚ್ಚಿಡದೆ ಹೇಳಿ, ಅಷ್ಟೇ. ಎಡಿಎಚ್‌ಡಿ ಅಂದರೆ ಗಮನ ಒಂದೆಡೆ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ. ಅಂಥ ಮಕ್ಕಳನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸುತ್ತೇನೆ, ಸೂಚನೆ ಚಿಕ್ಕದಾಗಿ ಕೊಡುತ್ತೇನೆ, ಕಾಯುವ ಹೊತ್ತು ಕಡಿಮೆ ಮಾಡುತ್ತೇನೆ. ನಲವತ್ತು ಮಕ್ಕಳಿಗೆ ಒಬ್ಬರೇ ಮಾಸ್ಟರ್ ಇರುವ ಕಡೆ ಇದು ಆಗದ ಮಾತು, ಚಿಕ್ಕ ಬ್ಯಾಚ್ ಹುಡುಕಿ. ಕರಾಟೆ ಶುರುವಾಯಿತು ಎಂದು ಔಷಧಿ, ಥೆರಪಿ ನಿಲ್ಲಿಸಬೇಡಿ.

ಮಗಳನ್ನ ಬಿಟ್ಟು ಒಂದು ಗಂಟೆ ಸುಮ್ನೆ ಫೋನ್ ನೋಡ್ತಾ ಕೂರ್ತೀನಿ. ನಲವತ್ತು ವಯಸ್ಸು. ನಾನೂ ಸೇರಬಹುದಾ?

ಖಂಡಿತ. ಮಂಡಿ, ಸೊಂಟ, ಬಿಪಿ ತೊಂದರೆ ಇದ್ದರೆ ಡಾಕ್ಟರನ್ನು ಒಂದು ಮಾತು ಕೇಳಿಕೊಂಡು ಬನ್ನಿ. ಮೊದಲ ತಿಂಗಳು ಒದೆತ ಸೊಂಟದ ಮೇಲೆ ಏರುವುದಿಲ್ಲ, ಏರಬೇಕಾಗಿಯೂ ಇಲ್ಲ. ಬಿಳಿ ಬೆಲ್ಟ್ ಕಟ್ಟಿಕೊಂಡು ಹಿಂದಿನ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ, ಮಗಳು ಮುಂದಿನ ಸಾಲಿನಲ್ಲಿ ಇರುತ್ತಾಳೆ. ಬೆಲ್ಟ್ ಗಂಟು ಹಾಕುವುದನ್ನು ಅವಳ ಹತ್ತಿರವೇ ಹೇಳಿಸಿಕೊಳ್ಳಿ. ಯೂನಿಫಾರ್ಮ್ ಕೊಳ್ಳುವಾಗ ಒಂದು ಸೈಜ್ ದೊಡ್ಡದೇ ತೆಗೆದುಕೊಳ್ಳಿ, ಕಾಟನ್ ಆದ್ದರಿಂದ ಮೊದಲ ಒಗೆತಕ್ಕೆ ಕುಗ್ಗುತ್ತದೆ.